ಒಂದೇ ಚಳಿಗಾಲದ ಮೂರು ವಯಸ್ಸು

ಮರೆತವರಿಗೆ ಮಾತು ಎತ್ತಿಕೊಡುವುದು ಎನಿಡ್ ಹೋಲ್ರಾಯ್ಡಳ ಕೆಲಸ. ಕಾಲ್ಡರ್‌ಶಾ ಊರಿನ ಪ್ರಿನ್ಸೆಸ್ ನಾಟಕಶಾಲೆಯಲ್ಲಿ, ರಂಗದ ಎಡಮಗ್ಗುಲ ಪರದೆಯ ಹಿಂದೆ ಎತ್ತರದ ಸ್ಟೂಲಿನ ಮೇಲೆ, ನೀಲಿ ಕಾಗದ ಸುತ್ತಿದ ಸಣ್ಣ ದೀಪದ ಕೆಳಗೆ ನಾಟಕದ ಪ್ರತಿ ಬಿಡಿಸಿಕೊಂಡು ಕೂರಲು ಶುರುಮಾಡಿ ಅವಳಿಗೆ ಮೂವತ್ತೊಂದು ವರ್ಷವಾಗಿತ್ತು. ಈ ಮೂವತ್ತೊಂದು ವರ್ಷದಲ್ಲಿ ಪ್ರೇಕ್ಷಕರಲ್ಲಿ ಒಬ್ಬರೂ ಅವಳ ಮುಖ ನೋಡಿದವರಲ್ಲ. ಅವಳ ದನಿಯನ್ನು ಕೇಳಿದ್ದೇವೆ ಎಂದು ಯಾರಾದರೂ ಹೇಳಿದ್ದರೆ ಅದು ಅವಳಿಗೆ ಅವಮಾನವೇ ಆಗುತ್ತಿತ್ತು. ನಟನ ಕಿವಿಗೆ ಬೀಳಬೇಕು, ಮೊದಲ ಸಾಲಿನವರ ಕಿವಿಗೆ ಬೀಳಬಾರದು, ಅಷ್ಟು ದೊಡ್ಡ ಪಿಸುಮಾತು. ಅದು ಅವಳ ವಿದ್ಯೆ.

ಆ ಅಕ್ಟೋಬರ್‌ನಲ್ಲಿ ಆಡುತ್ತಿದ್ದದ್ದು 'ಕಾರ್ವೆಲ್ ಕೋಟೆಯ ಒಡತಿ'. ಮುನ್ನೂರೈವತ್ತು ವರ್ಷದ ಹಿಂದೆ ಬರೆದ ನಾಟಕ. ಬರೆದ ಕವಿ ಪ್ಲೇಗಿನಲ್ಲಿ ಸತ್ತ ಎನ್ನುವುದು ಬಿಟ್ಟರೆ ಅವನ ಬಗ್ಗೆ ಹೆಚ್ಚೇನೂ ಯಾರಿಗೂ ಗೊತ್ತಿಲ್ಲ. ಅಪ್ಪ ಸತ್ತ ಮೇಲೆ ಲೇಡಿ ಎವಿಸ್‌ಳನ್ನು ಅವಳ ಅಣ್ಣ ಶತ್ರುವಿಗೆ ಮದುವೆ ಮಾಡಿಕೊಟ್ಟು ಒಪ್ಪಂದ ಮಾಡಿಕೊಳ್ಳಲು ಹೊರಡುತ್ತಾನೆ. ಅವಳು ಕೋಟೆಯ ಬಾಗಿಲು ಹಾಕಿಸಿ ಒಂದು ಚಳಿಗಾಲವಿಡೀ ಮುತ್ತಿಗೆಯನ್ನು ತಡೆಯುತ್ತಾಳೆ. ಕೊನೆಗೆ ಒಳಗಿನವರು ಹಸಿವಿನಿಂದ ಸಾಯುವುದನ್ನು ನೋಡಲಾರದೆ ತಾನೊಬ್ಬಳೇ ಹೊರಗೆ ಹೋಗುತ್ತೇನೆಂದು ಬಾಗಿಲಿಗೆ ಬರುತ್ತಾಳೆ. ಸೋಮವಾರ ಮೊದಲ ಪ್ರದರ್ಶನವಾಗಿತ್ತು. ಬುಧವಾರ ಬೆಳಿಗ್ಗೆ ಊರಿನ ಪತ್ರಿಕೆಯಲ್ಲಿ ಒಂದು ಓದುಗರ ಪತ್ರ ಬಂತು.

ನಿರ್ದೇಶಕ ನೈಜೆಲ್ ಫೆನ್‌ವಿಕ್ ಅದನ್ನು ಹಿಡಿದುಕೊಂಡೇ ತಾಲೀಮಿನ ಕೋಣೆಗೆ ಬಂದ. ಇಪ್ಪತ್ತೇಳರ ಹುಡುಗ, ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿದವನು, ಪ್ರಿನ್ಸೆಸ್‌ಗೆ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಅವನ ಕಿವಿಯ ತುದಿ ಕೆಂಪಾಗಿತ್ತು.

"ಈ ವಿಲ್ಫ್ರೆಡ್ ಮಿಡ್ಗಲಿ ಅನ್ನೋನು ಯಾರು?"

"ಜನನ ಮರಣ ಬರಕೊಳ್ತಿದ್ದ ಗುಮಾಸ್ತರು," ಎಂದಳು ಎನಿಡ್. "ಈಗ ರಿಟೈರ್ ಆಗಿದಾರೆ. ಊರಲ್ಲಿ ಅರ್ಧ ಜನರ ಹುಟ್ಟಿದ ದಿನ ಅವರ ಕೈಬರಹದಲ್ಲೇ ಇರೋದು. ಯಾಕೆ, ಏನು ಬರೆದಿದಾರೆ?"

"ನಮಗೆ ಎಣಿಸೋಕೆ ಬರಲ್ವಂತೆ."

ನೈಜೆಲ್ ಗಟ್ಟಿಯಾಗಿ ಓದಿದ. ಮೊದಲ ಅಂಕದಲ್ಲಿ ಅಣ್ಣ ಎವಿಸ್‌ಳನ್ನು 'ಹದಿನೇಳು ವಸಂತ ಕಂಡ ಹುಡುಗಿ' ಎನ್ನುತ್ತಾನೆ. ಎರಡನೆಯ ಅಂಕದಲ್ಲಿ ಅವಳೇ, ತನ್ನ ತಮ್ಮನಿಗೆ ಇಪ್ಪತ್ತು, ಅವನು ತನಗಿಂತ ಎರಡು ವರ್ಷಕ್ಕೆ ಚಿಕ್ಕವನು ಎನ್ನುತ್ತಾಳೆ. ನಾಲ್ಕನೆಯ ಅಂಕದಲ್ಲಿ ಬಾಗಿಲು ಕಾಯುವ ಮುದುಕ, ಅವಳು ಹುಟ್ಟಿದ ದಿನ ಗಂಟೆ ಎಳೆದವನು ತಾನೇ, ಅದಾಗಿ ಇಪ್ಪತ್ತೊಂಬತ್ತು ಚಳಿಗಾಲವಾಯಿತು ಎನ್ನುತ್ತಾನೆ. ನಾಟಕದಲ್ಲಿ ಕಳೆಯುವುದು ಒಂದೇ ಚಳಿಗಾಲ. 'ನಾನು ಮೂವತ್ತೆಂಟು ವರ್ಷ ನೌಕರಿ ಮಾಡಿದ ಕಚೇರಿಯಲ್ಲಿ ಯಾವ ಹೆಂಗಸೂ ನವೆಂಬರ್‌ಗೂ ಮಾರ್ಚ್‌ಗೂ ನಡುವೆ ಹನ್ನೆರಡು ವರ್ಷ ಬೆಳೆದದ್ದಿಲ್ಲ' ಎಂದು ಪತ್ರ ಮುಗಿದಿತ್ತು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೂಲೆಯಲ್ಲಿ ಕೂತು ಕಾಲುಚೀಲ ಹೆಣೆಯುತ್ತಿದ್ದ ಹೆಸ್ಟರ್ ಲಂಬ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಎವಿಸ್ ಪಾತ್ರ ಅವಳದೇ. ಅವಳಿಗೆ ನಲವತ್ತೊಂಬತ್ತು.

"ಪಾಪ ಮಿಡ್ಗಲಿ, ನನ್ನ ಮರ್ಯಾದೆ ಉಳಿಸಿಬಿಟ್ರು," ಎಂದಳು. "ನಿಜವಾದ ವಯಸ್ಸು ಬರೆದಿದ್ರೆ ಇನ್ನೂ ಇಪ್ಪತ್ತು ಸೇರಿಸಬೇಕಾಗಿತ್ತು."

ನೈಜೆಲ್ ನಗಲಿಲ್ಲ. "ಇದು ಪಂಡಿತರಿಗೆಲ್ಲ ಗೊತ್ತಿರೋ ತೊಡಕೇ. ನಾನೇ ಕಾಲೇಜಿನಲ್ಲಿ ಎರಡು ಪುಟ ಬರೆದಿದೀನಿ. ತಾಲೀಮಿನ ಗಡಿಬಿಡೀಲಿ ಬಿಟ್ಟುಹೋಯ್ತು, ನನ್ನದೇ ತಪ್ಪು. ಸರಿಮಾಡೋಣ. ಹದಿನೇಳು ಇರಲೇಬೇಕು, ಅವಳು ಮೈನರ್ ಅಲ್ಲದಿದ್ರೆ ಅಣ್ಣನಿಗೆ ಅವಳ ಮೇಲೆ ಹಕ್ಕೇ ಇಲ್ಲ, ನಾಟಕವೇ ನಿಲ್ಲಲ್ಲ. ತಮ್ಮನಿಗೆ ಇಪ್ಪತ್ತರ ಬದಲು ಹದಿನೈದು ಅಂದ್ರಾಯ್ತು. ನಾಲ್ಕನೇ ಅಂಕದ ಗಂಟೆಯ ಮಾತು ತೆಗೆದುಬಿಡೋಣ. ಎನಿಡ್, ಗುರುತು ಹಾಕ್ಕೊಳ್ಳಿ."

ಎನಿಡ್ ಕಿಟಕಿಯ ಕಡೆ ನೋಡಿದಳು. ಅಲ್ಲಿ ಬಾಗಿಲು ಕಾಯುವ ಮುದುಕನ ಪಾತ್ರದ ಜೇಬೆಜ್ ಕ್ರಾಬ್‌ಟ್ರೀ ಕೂತು ಹಂದಿಮಾಂಸದ ಪೈ ತಿನ್ನುತ್ತಿದ್ದ. ಎಪ್ಪತ್ತೊಂದರ ಮುದುಕ. ಉಣ್ಣೆ ಗಿರಣಿಯಲ್ಲಿ ಮಗ್ಗದ ಮುಂದೆ ನಲವತ್ತು ವರ್ಷ ನಿಂತು ಅರ್ಧ ಕಿವುಡಾಗಿ, ಆಮೇಲೆ ನಾಟಕಕ್ಕೆ ಬಂದವನು. ದೂತ, ಪಾದ್ರಿ, ಎರಡನೆಯ ಸೈನಿಕ, ಹೆಣ, ಏನು ಕೊಟ್ಟರೂ ಮಾಡುತ್ತಿದ್ದ. ಗಂಟೆಯ ಮಾತನ್ನು ತೆಗೆದರೆ ಇಡೀ ನಾಟಕದಲ್ಲಿ ಅವನಿಗೆ ಉಳಿಯುವುದು 'ಯಾರದು?' ಮತ್ತು 'ಹಿಮ ಬೀಳ್ತಿದೆ' ಎನ್ನುವಂಥ ಏಳೆಂಟು ತುಣುಕು.

"ಜೇಬೆಜ್, ನಿಮಗೆ ಬೇಜಾರಿಲ್ಲ ತಾನೇ?" ಎಂದು ನೈಜೆಲ್ ಗಟ್ಟಿಯಾಗಿ ಕೇಳಿದ.

"ಇಲ್ಲ ಸಾರ್. ನೀವು ಓದಿರೋರು, ನೋಡಿಯೇ ಹೇಳ್ತೀರ," ಎಂದ ಜೇಬೆಜ್. ಬಾಯಿಗೆ ಹಾಕಿಕೊಂಡಿದ್ದ ತುತ್ತನ್ನು ಅವನು ಆಮೇಲೆ ಬಹಳ ಹೊತ್ತು ಅಗಿಯಲೇ ಇಲ್ಲ. ಎನಿಡ್ ಅದನ್ನು ನೋಡಿದಳು.

ಹೆಸ್ಟರ್ ಹೆಣಿಗೆ ಕೆಳಗಿಟ್ಟಳು. "ನೈಜೆಲ್, ಒಂದು ಮಾತು ಕೇಳಪ್ಪ. ನನ್ನ ಲೆಕ್ಕ ನನಗೆ ಬಿಡು. ಹದಿನೇಳೂ ನಾನು ಮಾಡ್ತೀನಿ, ಇಪ್ಪತ್ತೊಂಬತ್ತೂ ಮಾಡ್ತೀನಿ. ಇವತ್ತಿನವರೆಗೆ ಯಾರಾದ್ರೂ ಎದ್ದುನಿಂತು ಕೇಳಿದಾರಾ?"

"ಈಗ ಕೇಳಿದಾರಲ್ಲ, ಪತ್ರಿಕೇಲಿ!"

"ಅವರು ಮನೆಗೆ ಹೋಗಿ ಕೂತು ಎಣಿಸಿದಾರೆ. ಥಿಯೇಟರಿನಲ್ಲಿ ಕೂತು ಎಣಿಸಿಲ್ಲ. ಆ ಮುದುಕ ಆ ಮಾತು ಹೇಳದಿದ್ರೆ ನಾನು ಬಾಗಿಲು ದಾಟೋದು ಹೇಗೆ?"

"ಕಾಲಿಂದ," ಎಂದ ನೈಜೆಲ್. ಹೇಳಿದ ತಕ್ಷಣ ಅವನಿಗೇ ನಾಚಿಕೆಯಾದಂತಿತ್ತು. ಆದರೆ ಆಡಿದ ಮಾತನ್ನು ಎಲ್ಲರೆದುರು ಹಿಂದೆಗೆದುಕೊಳ್ಳುವ ವಯಸ್ಸಲ್ಲ ಅದು. "ಇವತ್ತಿನಿಂದಲೇ ತೆಗೀತಿದೀವಿ. ಶನಿವಾರ ಮಧ್ಯಾಹ್ನದ ಆಟಕ್ಕೆ ಆ ಮನುಷ್ಯ ಮತ್ತೆ ಟಿಕೆಟ್ ತಗೊಂಡಿದಾನಂತೆ. ಇನ್ನೊಂದು ಪತ್ರ ನನಗೆ ಬೇಡ."

ಎನಿಡ್ ತನ್ನ ಮೂಲೆಗೆ ಹೋಗಿ ಪ್ರತಿ ಬಿಡಿಸಿದಳು. ಪ್ರಿನ್ಸೆಸ್‌ನಲ್ಲಿ ಈ ನಾಟಕವನ್ನು ಯಾವಾಗ ಆಡಿದರೂ ಅದೇ ಪ್ರತಿ; ಅಂಚೆಲ್ಲ ಸವೆದು, ಬೆನ್ನಿಗೆ ಅವಳೇ ಬಟ್ಟೆ ಅಂಟಿಸಿದ್ದಳು. ನಾಲ್ಕನೆಯ ಅಂಕದ ಆ ಪುಟದಲ್ಲಿ ಗಂಟೆಯ ಮಾತಿನ ಮೇಲೆ ಈಗಾಗಲೇ ಮೂರು ಗೆರೆಗಳಿದ್ದವು. ನೀಲಿ ಪೆನ್ಸಿಲಿನದು ಯುದ್ಧಕ್ಕೆ ಮುಂಚಿನ ಇಪ್ಪತ್ಮೂರು ವರ್ಷದ ನಟಿಯದು. ಇಪ್ಪತ್ತೊಂಬತ್ತು ಎಂದರೆ ತನ್ನನ್ನು ಮುದುಕಿ ಮಾಡಿದಂತಾಗುತ್ತದೆಂದು ಅವಳು ಅತ್ತು ತೆಗೆಸಿದ್ದಳು. ಕೆಂಪು ಶಾಯಿಯದು ನಿರ್ದೇಶಕನೊಬ್ಬನದು. ಅವನಿಗೆ ಆಟ ಹತ್ತು ನಿಮಿಷ ಮೊದಲೇ ಮುಗಿಯಬೇಕಿತ್ತು. ಮೂರನೆಯದು ಯಾರದೆಂದು ಎನಿಡ್‌ಗೂ ಗೊತ್ತಿರಲಿಲ್ಲ. ಪ್ರತಿ ಗೆರೆಯ ಕೆಳಗೂ, ಮುಂದೆ ಬಂದ ಯಾರೋ ಚುಕ್ಕಿ ಇಟ್ಟು 'ಇರಲಿ' ಎಂದು ಬರೆದಿದ್ದರು. ಇನ್ನೊಂದು ಪುಟದಲ್ಲಿ 'ಹದಿನೇಳು' ಎಂಬುದಕ್ಕೂ ಗೆರೆ ಬಿದ್ದು ಎದ್ದ ಗುರುತಿತ್ತು. ಅದು ಐವತ್ತೈದು ದಾಟಿದ ನಟಿಯೊಬ್ಬಳ ಕಾಲದ್ದು. ಎನಿಡ್ ಪೆನ್ಸಿಲಿನಿಂದ ತೆಳ್ಳಗೆ, ರಬ್ಬರಿಗೆ ಸುಲಭವಾಗಿ ಸಿಗುವಂತೆ, ನಾಲ್ಕನೆಯ ಗೆರೆ ಎಳೆದಳು.

ಬುಧವಾರ, ಗುರುವಾರ, ಶುಕ್ರವಾರ ಆ ಮಾತಿಲ್ಲದೆಯೇ ಆಟ ನಡೆಯಿತು. ಏನೂ ಕೆಡಲಿಲ್ಲ. ಚಪ್ಪಾಳೆ ಬಿತ್ತು, ಜನ ಕೋಟು ಹಾಕಿಕೊಂಡು ಮನೆಗೆ ಹೋದರು. ಆದರೆ ಎನಿಡ್ ಕೂರುವ ಜಾಗದಿಂದ ಕಾಣುವುದೇ ಬೇರೆ.

ಹೆಸ್ಟರ್ ಲಂಬ್ ದಪ್ಪ ಮೂಳೆಯ ಹೆಂಗಸು. ಬಲ ಮಂಡಿ ಬಾತಿರುತ್ತಿತ್ತು. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಒಂದೊಂದಕ್ಕೂ ಬೈಯುತ್ತಿದ್ದಳು. ಅದೇ ಹೆಂಗಸು ಮೊದಲ ಅಂಕದಲ್ಲಿ ರಂಗಕ್ಕೆ ಹೋಗುವಾಗ ಹದಿನೇಳರವಳಾಗುವುದನ್ನು ಎನಿಡ್ ನಾಲ್ಕು ಅಡಿ ದೂರದಿಂದ ನೋಡುತ್ತಿದ್ದಳು. ಕುಣಿಯುತ್ತಿರಲಿಲ್ಲ, ದನಿಯನ್ನು ಸಣ್ಣದು ಮಾಡುತ್ತಿರಲಿಲ್ಲ. ಅವಳ ಕೈಗಳು ಮಾತ್ರ ಮಾತಿಗಿಂತ ಮೊದಲೇ ಹೊರಟುಬಿಡುತ್ತಿದ್ದವು. ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದಳು, ಯಾರೋ ಕರೆದರೆ ಎದ್ದು ಓಡಬೇಕು ಎನ್ನುವ ಹಾಗೆ. ಅಣ್ಣ ಮಾತಾಡುವಾಗ ಕೇಳಿಸಿಕೊಳ್ಳದೆ ತನ್ನ ಮುಂದಿನ ಉತ್ತರವನ್ನೇ ತುಟಿಯೊಳಗೆ ಹೊಂದಿಸುತ್ತಿದ್ದಳು. ಅಷ್ಟೇ. ಆ ಅಷ್ಟರಲ್ಲಿ ಮೂವತ್ತೆರಡು ವರ್ಷ ಎಲ್ಲಿ ಇಳಿದುಹೋಗುತ್ತಿತ್ತೋ, ಹತ್ತಿರ ಕೂತ ಎನಿಡ್‌ಗೂ ಹಿಡಿಯಲಾಗುತ್ತಿರಲಿಲ್ಲ. ನಾಲ್ಕನೆಯ ಅಂಕಕ್ಕೆ ಬರುವಷ್ಟರಲ್ಲಿ ಕೈಗಳು ತಣ್ಣಗೆ ಪಕ್ಕದಲ್ಲಿರುತ್ತಿದ್ದವು. ಮಾತು ಆಡುವ ಮೊದಲು ಆ ಮಾತನ್ನು ಒಮ್ಮೆ ನೋಡಿ ಆಡುತ್ತಿದ್ದಳು. ಆಗ ಆ ಮುದುಕ ಗಂಟೆಯ ಮಾತು ಹೇಳುತ್ತಿದ್ದ. ಅವಳ ಮುಖ ತಟಕ್ಕನೆ ಬಿಚ್ಚಿಕೊಳ್ಳುತ್ತಿತ್ತು. ತಾನು ಹುಟ್ಟಿದ್ದನ್ನು ನೋಡಿದ ಒಬ್ಬ ಮನುಷ್ಯ ಈ ಲೋಕದಲ್ಲಿ ಇನ್ನೂ ಇದ್ದಾನೆ ಎಂದು ಅವಳಿಗೆ ಆಗಷ್ಟೇ ತಿಳಿಯುತ್ತಿತ್ತು. ತಿಳಿದ ಮೇಲೆಯೇ ಅವಳಿಗೆ ಹೊರಗೆ ಹೋಗಲು ಧೈರ್ಯ.

ಈಗ ಮೂರು ದಿನದಿಂದ ಅವಳು ಕಾಲಿಂದಲೇ ಬಾಗಿಲು ದಾಟುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಎನಿಡ್ ಜೇಬೆಜ್‌ಗೆ ಚಹಾ ಕೊಂಡೊಯ್ದಳು. ಅವನು ಕೋಟೆಯ ಬಾಗಿಲಿನ ಹಿಂದೆ, ಬಣ್ಣ ಬಳಿದ ಹಲಗೆಗೆ ಒರಗಿ ಕೂತಿದ್ದ.

"ಜೇಬೆಜ್, ನಿಜ ಹೇಳಿ. ಬೇಜಾರಾಗಿದೆ ಅಲ್ವಾ?"

"ನೋಡವ್ವ," ಎಂದ ಅವನು, ಬಸಿಯಲ್ಲಿ ಚಹಾ ಆರಿಸುತ್ತ. "ನಾನು ಓದಿದೋನಲ್ಲ. ಆದ್ರೆ ಒಂದು ಅನ್ಸುತ್ತೆ. ಆ ಕವಿಯ ಕಂಪನೀಲಿ ನನ್ನಂಥೋನೊಬ್ಬ ಇದ್ದಿರಬೇಕು. ಹಲ್ಲು ಹೋಗಿರೋನು, ಓಡೋಕಾಗಲ್ಲ, ಕತ್ತಿ ಹಿಡಿಯೋಕಾಗಲ್ಲ. ಈ ಮುದುಕನಿಗೂ ಏನಾದ್ರೂ ಕೊಡೋಣ ಅಂತ ಆ ಪುಣ್ಯಾತ್ಮ ಕೂತ್ಕೊಂಡು ಆ ಗಂಟೆ ಮಾತು ಬರೆದ. ಬರೆಯುವಾಗ ಮೊದಲನೇ ಅಂಕದಲ್ಲಿ ಏನು ಬರೆದಿದ್ದೆ ಅಂತ ತಿರುವಿ ನೋಡ್ಲಿಲ್ಲ. ಮುದುಕನ ಬಾಯಲ್ಲಿ ಹದಿನೇಳು ಅಂದ್ರೆ ಏನು ಚೆಂದ? ಹದಿನೇಳು ವರ್ಷ ನನಗೆ ನಿನ್ನೆ ಮೊನ್ನೆ. ಇಪ್ಪತ್ತೊಂಬತ್ತು ಅಂದ್ರೆ ಭಾರ ಇದೆ. ಬಾಯಿಗೆ ತುಂಬುತ್ತೆ."

"ಇದನ್ನ ನೈಜೆಲ್‌ಗೆ ಹೇಳಬಾರದಾ?"

"ಅಯ್ಯೋ, ಬಿಡವ್ವ! ಅವರು ಎರಡು ಪುಟ ಬರೆದಿದಾರೆ. ನಾನು ಬಸಿ ಹಿಡ್ಕೊಂಡು ಎದುರು ಹೇಳ್ಲಾ?" ಜೇಬೆಜ್ ನಕ್ಕ. ಆಮೇಲೆ, "ನಾನು ಚರ್ಚಿನಲ್ಲಿ ನಿಜವಾದ ಗಂಟೆ ಎಳೆದೋನು ಕಣಮ್ಮ, ಐವತ್ತು ವರ್ಷ. ಯಾವ ಮಗು ಹುಟ್ಟಿದಾಗ ಎಳೆದೆ ಅಂತ ಕೈ ಮರೆಯಲ್ಲ," ಎಂದು ಸೇರಿಸಿದ.

ಶನಿವಾರದ ಎರಡೂವರೆಯ ಆಟಕ್ಕೆ ಮುಕ್ಕಾಲು ನಾಟಕಶಾಲೆ ತುಂಬಿತ್ತು. ಮಧ್ಯಾಹ್ನದ ಆಟವೆಂದರೆ ಪಿಂಚಣಿದಾರರು, ವಿಧವೆಯರು, ಮಾರುಕಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡ ಹೆಂಗಸರು. ಟಿಕೆಟಿನ ಜೊತೆ ಒಂದು ಶಿಲಿಂಗ್ ಹೆಚ್ಚು ಕೊಟ್ಟರೆ ವಿರಾಮದಲ್ಲಿ ತಟ್ಟೆಯಲ್ಲಿ ಚಹಾ ಬರುತ್ತಿತ್ತು. ವಿರಾಮ ಮುಗಿದರೂ ಚಹಾ ಮುಗಿಯದೆ, ಮೂರನೆಯ ಅಂಕ ದಾಟಿದರೂ ಬಸಿಯ ಮೇಲೆ ಚಮಚ ಬಡಿಯುವ ಸದ್ದು ಇದ್ದದ್ದೇ. ಪರದೆಯ ಸಂದಿಯಲ್ಲಿ ಎನಿಡ್ ನೋಡಿದಳು. ಮೂರನೆಯ ಸಾಲಿನ ತುದಿಯಲ್ಲಿ ಒಬ್ಬ ಸಣಕಲು ಮನುಷ್ಯ, ಕೊರಳಿಗೆ ಮಫ್ಲರ್, ಮಂಡಿಯ ಮೇಲೆ ಪುಟ್ಟ ನೋಟುಪುಸ್ತಕ. ಮಿಡ್ಗಲಿ. ನೈಜೆಲ್ ಹಿಂದುಗಡೆ ಗೋಡೆಗೆ ಒರಗಿ ನಿಂತಿದ್ದ.

ನಾಲ್ಕನೆಯ ಅಂಕ ಬಂತು. ರಂಗದ ಮೇಲೆ ಬೂದುಬಣ್ಣದ ಬೆಳಕು. ಹೆಸ್ಟರ್ ಬರಿಗಾಲಿನಲ್ಲಿ ಬಾಗಿಲಿಗೆ ಬಂದಳು.

"ಯಾರದು?" ಎಂದ ಜೇಬೆಜ್.

"ಈ ಕೋಟೆಯ ಕೊನೆಯ ಹೊರೆ. ಬಾಗಿಲು ತೆಗೆ, ನಾನು ಹೊರಗೆ ಹೋದರೆ ನಿಮಗೆಲ್ಲ ಹಗುರ."

ಇಲ್ಲಿ ಗಂಟೆಯ ಮಾತು ಬರಬೇಕು. ತೆಗೆದ ಮೇಲೆ, ಹೆಸ್ಟರ್ ತಾನೇ ಮುಂದುವರಿಸಿ 'ತೆರೆ, ಮುದುಕಾ, ಹೊರಗೆ ಚಳಿಯೆಂದು ನಾನೂ ಬಲ್ಲೆ' ಎನ್ನಬೇಕು. ಮೂರು ದಿನ ಹಾಗೇ ಅಂದಿದ್ದಳು.

ಈಗ ಅವಳು ಅನ್ನಲಿಲ್ಲ.

ಅವಳು ಜೇಬೆಜ್‌ನ ಮುಖವನ್ನೇ ನೋಡುತ್ತ ನಿಂತಳು. ಮಾತು ಮರೆತವಳ ನೋಟವಲ್ಲ. ಮರೆತವರ ಕಣ್ಣು ಹೇಗೆ ಅಲೆಯುತ್ತದೆಂದು ಎನಿಡ್‌ಗೆ ಚೆನ್ನಾಗಿ ಗೊತ್ತು. ಇವಳು ಕಾಯುತ್ತಿದ್ದಳು. ಜೇಬೆಜ್ ಕೂಡ ಅವಳನ್ನೇ ನೋಡುತ್ತಿದ್ದ. ಹೇಳಬೇಡ ಎಂದವರ ಮಾತು ಮೀರುವ ಮನುಷ್ಯನಲ್ಲ ಅವನು.

ಎನಿಡ್ ಎಣಿಸಿದಳು. ಮೂರು. ನಾಲ್ಕು. ಮೂರನೆಯ ಸಾಲಿನಲ್ಲಿ ಯಾರೋ ಕೆಮ್ಮಿದರು. ಆರು. ಇಷ್ಟು ಹೊತ್ತಾದರೆ ಎತ್ತಿಕೊಡಲೇಬೇಕು, ಅದು ಅವಳ ಕೆಲಸ. ಪುಟದ ಮೇಲೆ ಅವಳ ಬೆರಳು 'ತೆರೆ, ಮುದುಕಾ' ಎಂಬಲ್ಲಿತ್ತು. ಹೆಸ್ಟರ್‌ಗೆ ಆ ಎರಡು ಪದ ಕೊಟ್ಟರೆ ಮುಗಿಯಿತು. ಅವಳು ಎತ್ತಿಕೊಂಡು ಹೋಗುತ್ತಾಳೆ, ನೈಜೆಲ್ ನೆಮ್ಮದಿಯಾಗಿರುತ್ತಾನೆ. ಮೂವತ್ತೊಂದು ವರ್ಷದಲ್ಲಿ ಎನಿಡ್ ಪ್ರತಿಯಲ್ಲಿ ಇಲ್ಲದ್ದನ್ನು ಒಮ್ಮೆಯೂ ಕೊಟ್ಟವಳಲ್ಲ. ಆದರೆ ಇದು ಪ್ರತಿಯಲ್ಲಿತ್ತು. ಅವಳ ತೆಳ್ಳನೆಯ ಗೆರೆಯ ಅಡಿಯಲ್ಲಿ ಒಂದೊಂದು ಅಕ್ಷರವೂ ಕಾಣುತ್ತಿತ್ತು. ಎಂಟು.

ಅವಳ ಬೆರಳು ಒಂದು ಸಾಲು ಮೇಲಕ್ಕೆ ಸರಿಯಿತು.

"ಒಡತಿ, ನೀ ಹುಟ್ಟಿದ ದಿನ," ಎಂದಳು ಎನಿಡ್. ಜೇಬೆಜ್‌ನ ಒಳ್ಳೆಯ ಕಿವಿ ಅವಳ ಕಡೆಗೇ ಇತ್ತು.

ಅವನು ಬೆಚ್ಚಿ ಅವಳ ಮೂಲೆಯ ಕಡೆ ಕಣ್ಣು ಹೊರಳಿಸಿದ. ಎನಿಡ್ ಹೌದೆಂದು ತಲೆಯಾಡಿಸಿದಳು. ಅವನು ನಿಧಾನವಾಗಿ ಹೆಸ್ಟರ್ ಕಡೆ ತಿರುಗಿದ. ಅವನ ಬಲಗೈ ತಾನಾಗಿ ಎದ್ದು, ಇಲ್ಲದ ಹಗ್ಗವನ್ನು ಹಿಡಿಯಿತು.

"ಒಡತಿ, ನೀ ಹುಟ್ಟಿದ ದಿನ ಈ ಕೈಯೇ ಗಂಟೆ ಎಳೆದದ್ದು. ಹಿಮ ಇತ್ತು, ಇವತ್ತಿನ ಹಾಗೇ. ಇಪ್ಪತ್ತೊಂಬತ್ತು ಚಳಿಗಾಲ ಆಯಿತು. ಊರೆಲ್ಲ ಕೇಳಲೆಂದು ಎಳೆದೆ, ತೋಳು ಸೋಲುವವರೆಗೆ ಎಳೆದೆ. ನಿನ್ನನ್ನು ಒಳಕರೆದ ಕೈಗೆ ಹೊರಹಾಕು ಎನ್ನುತ್ತೀಯಲ್ಲ."

ಚಮಚಗಳ ಸದ್ದು ನಿಂತಿತ್ತು. ಹೆಸ್ಟರ್ ಏನೂ ಮಾಡಲಿಲ್ಲ. ನಿಂತಲ್ಲೇ ನಿಂತಿದ್ದಳು. ಆದರೆ ಎನಿಡ್ ಆಮೇಲೆ ಆ ಕ್ಷಣವನ್ನು ಯಾರಿಗಾದರೂ ಹೇಳಲು ಹೋದಾಗಲೆಲ್ಲ ಸೋತಳು: ಆ ದಪ್ಪ ಮೂಳೆಯ, ನಲವತ್ತೊಂಬತ್ತರ ಮುಖದಲ್ಲಿ ಮೊದಲು ಹದಿನೇಳರ ಹುಡುಗಿ ಬಂದಳು, ಅವಳ ಹಿಂದೆ ಯಾವುದೋ ಕೂಸು ಬಂತು, ಆಮೇಲೆ ಎಲ್ಲವೂ ಹೋಗಿ ಈ ಹೆಂಗಸು ಉಳಿದಳು, ತನಗೆಷ್ಟು ವಯಸ್ಸಾಯಿತೆಂದು ಈಗ ಕೇಳಿಸಿಕೊಂಡವಳು.

"ತೆರೆ, ಮುದುಕಾ," ಎಂದಳು ಬಹಳ ಮೆಲ್ಲಗೆ. "ಹೊರಗೆ ಚಳಿಯೆಂದು ನಾನೂ ಬಲ್ಲೆ."

ಪರದೆ ಬಿದ್ದ ಮೇಲೆ ನೈಜೆಲ್ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ.

"ಆ ಸಾಲು ಯಾರು ಕೊಟ್ಟಿದ್ದು?"

"ನಾನೇ," ಎಂದಳು ಎನಿಡ್. ಸ್ಟೂಲಿನಿಂದ ಇಳಿದಳು. "ನೀವು ತೆಗೆದದ್ದು ಅಂತ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ."

"ಅವಳದೇನೂ ತಪ್ಪಿಲ್ಲ," ಎಂದಳು ಹೆಸ್ಟರ್, ಮಂಡಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರುತ್ತ. "ನಾನು ಬಾಯಿ ಮುಚ್ಚಿಕೊಂಡು ನಿಂತೆ. ಬೈಯೋದಾದ್ರೆ ನನಗೆ ಬೈ."

ನೈಜೆಲ್ ಯಾರಿಗೂ ಬೈಯುವ ಮೊದಲೇ ಹಿಂಬಾಗಿಲ ಕಾವಲಿನವನು ಬಂದು, ಮಿಡ್ಗಲಿ ಎಂಬವರು ನೋಡಬೇಕಂತೆ ಎಂದ. ಹೇಳಿ ಮುಗಿಸುವಷ್ಟರಲ್ಲಿ ಮಿಡ್ಗಲಿ ಒಳಗೇ ಬಂದಿದ್ದರು, ಟೋಪಿ ಕೈಯಲ್ಲಿ ಹಿಡಿದು. ನೋಡಲು ಸಿಟ್ಟಾದಂತಿದ್ದರು.

"ನಿರ್ದೇಶಕರು ಯಾರು? ನೀವೋ? ಇಷ್ಟು ಚಿಕ್ಕವರಾ! ಗುರುವಾರ ನನ್ನ ತಂಗಿ ಬಂದಿದ್ಲು ನಾಟಕಕ್ಕೆ. ಗಂಟೆ ಮಾತೇ ಇಲ್ಲ ಅಂದ್ಲು. ನಾನು ನಂಬಲಿಲ್ಲ. ತೆಗೆದಿದ್ರಾ?"

"ತೆಗೆದಿದ್ವಿ ಸಾರ್," ಎಂದ ನೈಜೆಲ್. "ನಿಮ್ಮ ಪತ್ರ ನೋಡಿ."

"ನಾನು ತಪ್ಪು ಅಂತ ಬರೆದೆ. ತೆಗೀರಿ ಅಂತ ಬರೆದ್ನಾ?"

ನೈಜೆಲ್ ಆ ಪತ್ರವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡ.

"ಸಾವಿರದೊಂಬೈನೂರ ಇಪ್ಪತ್ತಾರರಿಂದ ಈ ನಾಟಕ ನೋಡ್ತಿದೀನಿ, ಇವತ್ತಿಗೆ ಹನ್ನೊಂದನೇ ಸಲ," ಎಂದರು ಮಿಡ್ಗಲಿ. "ಹನ್ನೊಂದು ಸಲವೂ ಲೆಕ್ಕ ತಪ್ಪು. ಹನ್ನೊಂದು ಸಲವೂ ಮನೆಗೆ ಹೋಗಿ ಚಹಾ ಕುಡೀತಾ ಎಣಿಸ್ತೀನಿ. ಅದು ನನ್ನ ಚಟ ಕಣ್ರೀ. ತಪ್ಪು ಅನ್ನೋದು ಇದ್ರೆ ತಾನೇ ಹಿಡಿಯೋದು? ನೀವು ಒರೆಸಿಬಿಟ್ರೆ ನಾನೇನು ಮಾಡ್ಲಿ?"

ಹೆಸ್ಟರ್ ನಗು ತಡೆಯಲಾರದೆ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಮಿಡ್ಗಲಿ ಅವಳ ಕಡೆ ತಿರುಗಿ, ಮೊದಲ ಸಲ ಸ್ವಲ್ಪ ತೊದಲಿದರು.

"ನೀವು... ಚೆನ್ನಾಗಿ ಮಾಡಿದ್ರಿ, ಮಿಸ್ ಲಂಬ್. ಬಹಳ ಚೆನ್ನಾಗಿ. ನಮ್ಮ ಕಚೇರೀಲಿ ಮೂವತ್ತೆಂಟು ವರ್ಷ ಕೂತಿದ್ದೆ. ಮನೆಯವರು ಹೇಳೋ ವಯಸ್ಸು ಒಂದೂ ಸರಿ ಇರ್ತಿರ್ಲಿಲ್ಲ. ಒಂದ್ಸಲ ಒಬ್ಬ ನೇಕಾರ ಸತ್ತ. ಹೆಂಡತಿ ಐವತ್ತು ಅಂದ್ಲು, ಮಗ ಅರವತ್ತು ಅಂದ, ಅವನ ತಾಯಿ ಇನ್ನೂ ಬದುಕಿದ್ಲು, ಆಕೆ 'ಈಗಿನ್ನೂ ನಡೆಯೋಕೆ ಕಲ್ತಿದ್ದ' ಅಂತ ಅತ್ಲು. ನಾನು ಪುಸ್ತಕ ನೋಡಿ ಐವತ್ತಾರು ಅಂತ ಬರಕೊಂಡೆ. ಸರಿಯಾದ್ದು ಅದೇ. ಆದ್ರೆ ಅಲ್ಲಿ ನಿಂತಿದ್ದ ಮೂರು ಜನಕ್ಕೂ ಆ ಐವತ್ತಾರು ಯಾರದು ಅಂತ್ಲೇ ಗೊತ್ತಾಗಲಿಲ್ಲ."

ಮಿಡ್ಗಲಿಯೇ ಮುಜುಗರಪಟ್ಟು, "ಅಂದ್ರೆ, ನಾಟಕದ ತಪ್ಪು ತಪ್ಪಲ್ಲ ಅಂತ ನಾನು ಹೇಳ್ತಿಲ್ಲ. ತಪ್ಪು ತಪ್ಪೇ," ಎಂದರು.

ಆಗ ಜೇಬೆಜ್ ಪಾತ್ರಕ್ಕೆ ಅಂಟಿಸಿಕೊಂಡಿದ್ದ ಗಡ್ಡ ಕೀಳುತ್ತ ಬಂದ. ಮಿಡ್ಗಲಿ ಅವನನ್ನು ನೋಡಿ ಕಣ್ಣು ಕಿರಿದು ಮಾಡಿದರು. "ಕ್ರಾಬ್‌ಟ್ರೀ ಅಲ್ವಾ? ನಾಲ್ಕು ಹೆಣ್ಣು ಮಕ್ಕಳು. ಮೂರನೇದು ಮಾರ್ಚ್‌ನಲ್ಲಿ."

"ಹೌದು ಸಾರ್! ನೀವೇ ಬರಕೊಂಡಿದ್ದು!" ಜೇಬೆಜ್‌ನ ಮುಖ ಅರಳಿತು. ಇಬ್ಬರೂ ಅಲ್ಲೇ ಪೆಟ್ಟಿಗೆಯ ಮೇಲೆ ಕೂತರು. ಮಾತು ಎಲ್ಲೆಲ್ಲೋ ಹೋಯಿತು. ಎನಿಡ್ ಹಿಂದಿನಿಂದ ಬೆನ್ನಿಗೆ ತಿವಿದ ಮೇಲೆ ಜೇಬೆಜ್ ಆ ಹಲ್ಲಿಲ್ಲದ ಮುದುಕನ ವಿಚಾರವನ್ನೂ, ಕವಿ ಹಿಂದಿನ ಪುಟ ತಿರುವಿ ನೋಡದೆ ಬರೆದದ್ದನ್ನೂ ಹೇಳಿದ. ಮಿಡ್ಗಲಿ ನೋಟುಪುಸ್ತಕ ತೆಗೆದು ಒಂದೊಂದೇ ಮಾತನ್ನು ಬರೆದುಕೊಂಡರು. ನೈಜೆಲ್ ಗೋಡೆಗೆ ಒರಗಿ ಕೇಳಿಸಿಕೊಂಡ. ಕಾಲೇಜಿನಲ್ಲಿ ತಾನು ಬರೆದ ಎರಡು ಪುಟದಲ್ಲಿ ಹೀಗೊಬ್ಬ ಮನುಷ್ಯ ಇರಲಿಲ್ಲ ಎಂದು ಅವನಿಗೆ ಅನ್ನಿಸಿರಬೇಕು, ಜೇಬೆಜ್‌ನನ್ನು ನಡುವೆ ತಡೆದು, "ಅವನ ಕಂಪನೀಲಿ ಅಂಥ ಮುದುಕ ಇದ್ದ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೇಳಿದ.

"ಎಲ್ಲ ಕಂಪನೀಲೂ ಇರ್ತಾನಲ್ಲ ಸಾರ್," ಎಂದ ಜೇಬೆಜ್.

ಸಂಜೆಯ ಆಟಕ್ಕೆ ಮುಂಚೆ ನೈಜೆಲ್ ಎನಿಡ್‌ಳ ಮೂಲೆಗೆ ಬಂದ. "ಗಂಟೆ ಮಾತು ಇರಲಿ. ತಮ್ಮನಿಗೂ ಇಪ್ಪತ್ತೇ ಇರಲಿ," ಎಂದ. ಆಮೇಲೆ, "ಆದ್ರೆ ಇನ್ನೊಂದ್ಸಲ ನನ್ನ ಕೇಳದೆ ಹೀಗೆ ಮಾಡಬೇಡಿ, ಎನಿಡ್. ಎಲ್ಲರೆದುರು ನಾನು ಪೆದ್ದನ ಹಾಗೆ ನಿಂತಿದ್ದೆ," ಎಂದ.

"ಮಾಡಲ್ಲ," ಎಂದಳು ಎನಿಡ್. ಅವಳಿಗೆ ನಿಜವಾಗಿಯೂ ಕೆಡುಕೆನಿಸಿತು. ಕೆಲಸದ ನಿಯಮ ಮುರಿದವಳು ತಾನೇ. ಅವಕಾಶ ಬಂದರೆ ಮತ್ತೆ ಮುರಿಯುತ್ತಿದ್ದೆನೇ ಎಂದು ಕೇಳಿಕೊಂಡಳು. ಉತ್ತರ ಹೌದು ಎಂದೇ ಬಂತು. ಅದನ್ನು ಅವನಿಗೆ ಹೇಳಲಿಲ್ಲ.

ಬುಧವಾರ ಮಿಡ್ಗಲಿಯ ಎರಡನೆಯ ಪತ್ರ ಅಚ್ಚಾಯಿತು, ಮೊದಲಿನದಕ್ಕಿಂತ ಉದ್ದ. ಅದರಿಂದ ಒಳ್ಳೆಯದೂ ಆಯಿತು, ತೊಂದರೆಯೂ ಆಯಿತು. ವಯಸ್ಸು ಹಿಡಿಯೋಣವೆಂದೇ ಜನ ಬಂದರು. ಗುರುವಾರ ಹೆಣ್ಣುಮಕ್ಕಳ ಶಾಲೆಯೊಂದರ ಎರಡು ಸಾಲು ಹುಡುಗಿಯರು ತಪ್ಪು ಎಲ್ಲಿದೆಯೆಂದು ಮೊದಲೇ ಹೇಳಿಸಿಕೊಂಡು ಬಂದಿದ್ದವರು, ಜೇಬೆಜ್ ಇಪ್ಪತ್ತೊಂಬತ್ತು ಎಂದ ಕೂಡಲೇ ಕಿಸಕ್ಕನೆ ನಕ್ಕರು. ಜೇಬೆಜ್ ಅಲ್ಲಿಗೇ ನಿಂತುಹೋದ. ಎನಿಡ್ ಪದ ಕೊಡಲು ಬಾಯಿ ತೆರೆದಳು. ಅಷ್ಟರಲ್ಲಿ ಹೆಸ್ಟರ್ ನಿಧಾನವಾಗಿ ಪ್ರೇಕ್ಷಕರ ಕಡೆಗೆ ಮುಖ ತಿರುಗಿಸಿದಳು. ಸಿಟ್ಟಿಲ್ಲ, ಗದರಿಕೆಯಿಲ್ಲ, ಆ ನಗು ಕೋಟೆಯ ಹೊರಗಿನಿಂದ ಶತ್ರುಗಳ ಪಾಳಯದಿಂದ ಬಂತು ಎನ್ನುವಂತೆ ಕಿವಿಗೊಟ್ಟು ಕೇಳಿದಳು. ಹುಡುಗಿಯರು ಗಪ್‌ಚುಪ್. ಆಮೇಲೆ ಜೇಬೆಜ್‌ನ ಕಡೆ ತಿರುಗಿ, ಮಾತಿಲ್ಲದೆ, 'ಹ್ಞೂಂ, ಹೇಳು' ಎನ್ನುವಂತೆ ಗಲ್ಲವನ್ನು ಒಂದಿಷ್ಟು ಎತ್ತಿದಳು. ಅವನು ಮುಗಿಸಿದ. ಪಕ್ಕದಲ್ಲೇ ನಿಂತು ನೋಡುತ್ತಿದ್ದ ನೈಜೆಲ್ ಎನಿಡ್‌ಳ ಕಿವಿಯಲ್ಲಿ, "ಇದನ್ನ ಯಾರು ಹೇಳಿಕೊಟ್ರು ಅವರಿಗೆ?" ಎಂದ.

"ಯಾರೂ ಇಲ್ಲ," ಎಂದಳು ಎನಿಡ್. "ನಿಂತು ನೋಡಿ, ಅಷ್ಟೇ."

ಅವನು ಆ ಆಟ ಮುಗಿಯುವವರೆಗೆ ಅಲ್ಲಿಂದ ಕದಲಲಿಲ್ಲ.

ಎರಡು ವಾರ ಮುಗಿದು ಕೋಟೆಯ ಹಲಗೆಗಳನ್ನು ಬಿಚ್ಚಿ ಗೋಡೆಗೆ ನಿಲ್ಲಿಸಿದರು. ಮುಂದಿನ ಸೋಮವಾರ ಬೆಳಿಗ್ಗೆ ಹೊಸ ನಗೆನಾಟಕದ ಓದು ಶುರುವಾಯಿತು. ಅದರಲ್ಲಿ ಹೆಸ್ಟರ್‌ಗೆ ಎಪ್ಪತ್ತರ ಅತ್ತೆಯ ಪಾತ್ರ, ಜೇಬೆಜ್‌ಗೆ ಅಂಚೆಯವನದು. ಹೆಸ್ಟರ್ ಕನ್ನಡಕ ಏರಿಸಿಕೊಂಡು ಮೊದಲ ಕೆಲವು ಪುಟ ತಿರುವಿ ನೋಡಿ, "ಎನಿಡ್, ಈ ಮುದುಕಿಗೆ ಕಿವಿ ಕೇಳುತ್ತಾ ಇಲ್ವಾ? ಎರಡನೇ ಪುಟದಲ್ಲಿ ಕಿವುಡಿ ಅಂತಿದೆ, ಐದನೇ ಪುಟದಲ್ಲಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸ್ಕೋತಾಳೆ," ಎಂದಳು.

ಎನಿಡ್ ನೈಜೆಲ್‌ನ ಮುಖ ನೋಡಿದಳು. ಅವನು ಪೆನ್ಸಿಲನ್ನು ಜೇಬಿನಲ್ಲಿಟ್ಟುಕೊಂಡು, "ಮೊದಲು ಓದಿ ನೋಡೋಣ," ಎಂದ.